ಲಾಳಿ ನಿಂತ ಸಾಲು

ಮೈಸೂರು ಕಡೆಯಿಂದ ಕೊಯಮತ್ತೂರಿಗೆ ಹೊಸದಾಗಿ ಬಂದು ನೆಲೆಸುವ ಕನ್ನಡದವರು ನನ್ನನ್ನು ಆಗಾಗ ಒಂದು ಮಾತು ಕೇಳುತ್ತಾರೆ. ಇಲ್ಲಿ ತಲೆಮಾರುಗಳಿಂದ ಇರುವ ನಿಮ್ಮ ಜನರ ಹಾಡುಗಳು ಎಂಥವು, ನಮಗೂ ಸ್ವಲ್ಪ ಪರಿಚಯ ಮಾಡಿಕೊಡಿ ಎಂದು. ನನಗೆ ವಯಸ್ಸಾಗಿದೆ, ಮದರಾಸಿನಲ್ಲಿ ಓದಿದ್ದೇನೆ, ಕನ್ನಡ ಅಕ್ಷರ ಬರುತ್ತದೆ. ಇಷ್ಟು ಸಾಕೆಂದು ಅವರು ತಿಳಿದಿರಬೇಕು. ನಾನು ಹಾಡುವವನಲ್ಲ. ಹಾಡುಗಳ ಮೇಲೆ ನನಗೆ ವಿಶೇಷ ಭಕ್ತಿಯೂ ಇಲ್ಲ. ಹೊಸದಾಗಿ ಬಂದವಳೊಬ್ಬಳಿಗೆ ಒಂದು ಹಾಡು ಕಲಿಸಿದ್ದನ್ನು ಮಾತ್ರ ಹತ್ತಿರದಿಂದ ನೋಡಿದ್ದೇನೆ. ಅದರಲ್ಲೂ ಎಷ್ಟನ್ನು ಕಣ್ಣಾರೆ ಕಂಡೆ, ಎಷ್ಟನ್ನು ಆಮೇಲೆ ಬೇರೆಯವರ ಬಾಯಿಂದ ಕೇಳಿ ನಾನೇ ಕಂಡೆ ಅಂದುಕೊಂಡೆ ಎಂಬುದು ಈಗ ತಿಳಿಯುತ್ತಿಲ್ಲ. ಗೊತ್ತಿದ್ದಷ್ಟನ್ನು ಬರೆಯುತ್ತೇನೆ. ಅನುಮಾನ ಇರುವ ಕಡೆ ಅನುಮಾನ ಎಂದು ಹೇಳುತ್ತೇನೆ.

ನಮ್ಮ ಊರು ಸೋಮನೂರು. ನಮ್ಮ ಬೀದಿಯಲ್ಲಿ ಎಲ್ಲರೂ ನೇಯುವವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಓದಬಲ್ಲವರು ಬೀದಿಯಲ್ಲಿ ಯಾರೂ ಇರಲಿಲ್ಲ. ನಾನೂ ಅಕ್ಷರ ಕಲಿತದ್ದು ಮದರಾಸಿನ ಹಾಸ್ಟೆಲಿನಲ್ಲಿ, ಮೈಸೂರಿನಿಂದ ಬಂದಿದ್ದ ಒಬ್ಬ ಸಹಪಾಠಿಯ ಹತ್ತಿರ. ಮನೆಯ ಮುಂದಿನ ಕೋಣೆಯಲ್ಲಿ ನೆಲದಲ್ಲಿ ಗುಂಡಿ ತೋಡಿ ಕೂರಿಸಿದ ಎರಡು ಮಗ್ಗಗಳಿದ್ದವು. ಬಾಗಿಲ ಕಡೆಯದು ಅಪ್ಪನದು, ಗೋಡೆ ಕಡೆಯದು ಅಣ್ಣನದು. ಮಗ್ಗದ ಕೋಣೆ ದಾಟಿದರೆ ನಡುಮನೆ, ಅದರ ಹಿಂದೆ ಅಡುಗೆಮನೆ. ನಡುಮನೆಯಲ್ಲಿ ಹೆಂಗಸರು ರಾಟೆ ಇಟ್ಟುಕೊಂಡು ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಆ ಕಂಡಿಕೆಯನ್ನು ಲಾಳಿಯೊಳಗೆ ಕೂರಿಸಿದರೆ ಲಾಳಿ ಅತ್ತಿತ್ತ ಓಡುತ್ತದೆ. ಎರಡು ಮಗ್ಗದ ಸದ್ದು ಇರುವವರೆಗೆ ಮನೆಯಲ್ಲಿ ಎಲ್ಲ ಸರಿಯಿದೆ ಎಂದು ಅರ್ಥ.

ಐವತ್ತರ ದಶಕದ ಮೊದಮೊದಲಲ್ಲಿ ಅಪ್ಪ ಜ್ವರ ಬಂದು ತೀರಿಕೊಂಡರು. ನಾನು ಆಗ ಕೊಯಮತ್ತೂರಿನ ಒಂದು ಕಾಲೇಜಿನಲ್ಲಿ ಟ್ಯೂಟರ್ ಆಗಿದ್ದೆ. ಒಂದು ಲಾಡ್ಜಿನಲ್ಲಿ ನಿಲ್ಲದೆ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ರೂಮು ಬದಲಾಯಿಸುತ್ತಿದ್ದ ಕಾಲ ಅದು. ಸುದ್ದಿ ಬಂದು ನಾನು ರೈಲಿನಲ್ಲಿ ಸೋಮನೂರಿಗೆ ಬಂದಾಗ ಅಪ್ಪನನ್ನು ಮಗ್ಗದ ಪಕ್ಕದಲ್ಲೇ ಮಲಗಿಸಿದ್ದರು. ನನಗೆ ಅಳು ಬರಲಿಲ್ಲ. ಅವರ ಮಗ್ಗದಲ್ಲಿ ಅರ್ಧ ನೇಯ್ದ ಸೀರೆ ಹಾಗೇ ಇತ್ತು, ಹಾಸಿನ ಎಳೆಗಳ ಮಧ್ಯೆ ಲಾಳಿ ನಿಂತಿತ್ತು. ಅದನ್ನು ಯಾರಾದರೂ ತೆಗೆದಿಡಬಾರದೇ ಎಂದುಕೊಂಡೆ, ನಾನೇ ತೆಗೆಯಲಿಲ್ಲ. ಇಷ್ಟೇ ಆ ದಿನದ ಬಗ್ಗೆ ನನಗೆ ಖಚಿತವಾಗಿ ನೆನಪಿರುವುದು. ಅವ್ವನೂ ಅಳಲಿಲ್ಲ. ಬೀದಿಯ ಹೆಂಗಸರು ಅವರ ಕೈ ಹಿಡಿದು ಅತ್ತರೆ ಅವ್ವ ಅವರ ಬೆನ್ನು ಸವರುತ್ತಿದ್ದರು.

ತಂದೆ ಸತ್ತ ವರ್ಷದೊಳಗೆ ಮಗಳ ಮದುವೆ ಮಾಡಿಬಿಡಬೇಕು, ಇಲ್ಲದಿದ್ದರೆ ಮೂರು ವರ್ಷ ಕಾಯಬೇಕು ಎಂಬುದು ನಮ್ಮವರ ಲೆಕ್ಕ. ತಂಗಿಗೆ ವೆಳ್ಳಕೋಯಿಲಿನ ಒಂದು ಸಂಬಂಧ ಅಪ್ಪ ಇರುವಾಗಲೇ ಮಾತಾಗಿತ್ತು. ಅಣ್ಣ ಹೋಗಿ ಗಟ್ಟಿ ಮಾಡಿ ಬಂದ. ಮದುವೆ ಮಾಡುವುದಕ್ಕೆ ಯಾರ ಮನಸ್ಸಿನಲ್ಲೂ ಹುರುಪಿರಲಿಲ್ಲ, ಬೇಡವೆನ್ನುವಷ್ಟು ಶಕ್ತಿಯೂ ಇರಲಿಲ್ಲ. ಎಲ್ಲ ತಾನಾಗಿ ನಡೆಯಿತು. ಸೀರೆ ಬಂತು, ಅಕ್ಕಿ ಬಂತು. ಅವ್ವ ಒಂದೇ ಒಂದು ವಿಷಯದಲ್ಲಿ ಮಾತ್ರ ಚಿಂತೆ ಮಾಡಿದರು. ಅದು ಹಾಡಿನ ವಿಷಯ.

ನಮ್ಮ ಬೀದಿಯಲ್ಲಿ ಒಂದು ಕ್ರಮವಿತ್ತು. ಮಗಳು ಗಂಡನ ಮನೆಗೆ ಹೊರಡುವಾಗ ಹೊಸ್ತಿಲಲ್ಲಿ ನಿಲ್ಲಿಸಿ, ಆರತಿ ಎತ್ತಿ, ಒಂದು ಹಾಡು ಹೇಳುತ್ತಾರೆ. ಪ್ರತಿ ಮನೆಗೂ ಆ ಹಾಡಿನಲ್ಲಿ ತನ್ನದೇ ವರಸೆ, ಅಂದರೆ ಧಾಟಿ, ತನ್ನವೇ ಸಾಲುಗಳು. ಆ ಮನೆಯ ಹೆಂಗಸೇ ಅದನ್ನು ಎತ್ತಿಕೊಡಬೇಕು, ಅವಳಿಗೆ ಗಂಡ ಇರಬೇಕು. ಅವಳು ಒಂದು ಸಾಲು ಹಾಡಿದರೆ ನೆರೆದ ಹೆಂಗಸರು ಅದೇ ಸಾಲನ್ನು ತಿರುಗಿ ಹಾಡುತ್ತಾರೆ. ಪಕ್ಕದ ಮನೆಯವಳು ಎಷ್ಟೇ ಚೆನ್ನಾಗಿ ಹಾಡಲಿ, ನಮ್ಮ ಹೊಸ್ತಿಲಲ್ಲಿ ಎತ್ತಿಕೊಡುವ ಹಾಗಿಲ್ಲ. ಹಾಡಿಲ್ಲದೆ ಬಂದ ಸೊಸೆಯನ್ನು ಗಂಡನ ಮನೆಯಲ್ಲಿ ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ, ತವರಲ್ಲಿ ಬಾಯಿ ಇದ್ದವರೇ ಇರಲಿಲ್ಲವೇ ಎಂದು. ಇನ್ನೊಂದು ಕಟ್ಟಳೆಯೂ ಇತ್ತು: ಅದನ್ನು ಸುಮ್ಮನೆ ಹಾಡುವಂತಿಲ್ಲ. ಹೊರಡುವ ಮಗಳು ಹೊಸ್ತಿಲಲ್ಲಿ ನಿಂತಾಗ ಮಾತ್ರ ಹಾಡಬೇಕು.

ಹಾಗಾಗಿ ನಮ್ಮ ಮನೆಯ ವರಸೆ ಗೊತ್ತಿದ್ದದ್ದು ಅವ್ವನಿಗೆ ಒಬ್ಬರಿಗೇ. ನಮ್ಮ ಮನೆಯಲ್ಲಿ ಅದನ್ನು ಕೊನೆಯದಾಗಿ ಹಾಡಿದ್ದು ಅಪ್ಪನ ತಂಗಿಯನ್ನು ಕಳಿಸಿಕೊಟ್ಟಾಗ. ಆಗ ನಾನು ತೊಟ್ಟಿಲಲ್ಲಿದ್ದೆನಂತೆ, ತಂಗಿ ಹುಟ್ಟಿರಲಿಲ್ಲ. ಆ ಅತ್ತೆಯೂ ತೀರಿಹೋಗಿದ್ದರು, ಅಂದು ತಿರುಗಿ ಹಾಡಿದ ಹೆಂಗಸರಿಗೆ ಅದು ಮರೆತುಹೋಗಿತ್ತು. ಈಗ ಅವ್ವ ಎತ್ತಿಕೊಡುವ ಹಾಗಿಲ್ಲ. ಉಳಿದವರು ಅತ್ತಿಗೆ ಒಬ್ಬರೇ.

ಅತ್ತಿಗೆ ಮೆಟ್ಟುಪಾಳ್ಯದವರು. ಅವರ ತಂದೆಗೆ ಅಲ್ಲಿ ಅಡಿಕೆ ಮಂಡಿ ಇತ್ತು. ಜಾತಿಯಿಂದ ನಮ್ಮವರೇ, ಆದರೆ ಮನೆಯಲ್ಲೂ ತಮಿಳು ಹಿಡಿದಿದ್ದ ಜನ. ನಮ್ಮ ಮನೆಗೆ ಬಂದ ಮೇಲೆಯೇ ಅವರು ಕನ್ನಡವನ್ನು ಸರಿಯಾಗಿ ಆಡತೊಡಗಿದ್ದು. ಅದೂ ತಮಿಳಿನ ಎಳೆತದಲ್ಲಿ. ಟೂರಿಂಗ್ ಟಾಕೀಸಿನಲ್ಲಿ ಕೇಳಿದ ಸಿನಿಮಾ ಹಾಡುಗಳೆಲ್ಲ ಅವರಿಗೆ ಬಾಯಿಗೆ ಬರುತ್ತಿದ್ದವು. ರಾಟೆ ತಿರುಗಿಸುತ್ತ ಅವನ್ನೇ ಹಾಡುತ್ತಿದ್ದರು, ಅಪ್ಪ ಹೋಗುವವರೆಗೆ. ಬೀದಿಯ ಹಳೆಯ ಹಾಡುಗಳನ್ನು ಅವರಿಗೆ ಯಾರೂ ಕೂರಿಸಿ ಕಲಿಸಿರಲಿಲ್ಲ. ಹಾಗೆ ಕಲಿಸುವ ಪದ್ಧತಿಯೇ ನಮ್ಮಲ್ಲಿ ಇಲ್ಲ. ಹೊಸ ಸೊಸೆ ಮದುವೆ, ಸೀಮಂತ, ನಾಮಕರಣ ಎಂದು ಹೋದ ಕಡೆ ಹಿಂದಿನ ಸಾಲಿನಲ್ಲಿ ಕೂತು ಬಾಯಿ ಆಡಿಸುತ್ತಾಳೆ. ಹತ್ತು ಹದಿನೈದು ವರ್ಷ ಕಳೆದರೆ ಮುಂದಿನ ಸಾಲಿಗೆ ಬಂದಿರುತ್ತಾಳೆ. ಅತ್ತಿಗೆ ಬಂದು ಇನ್ನೂ ಹೆಚ್ಚು ಕಾಲ ಆಗಿರಲಿಲ್ಲ. ಅವರ ಮಡಿಲಲ್ಲಿ ಹೆಣ್ಣುಕೂಸು, ಆಗ ತಾನೇ ಕುತ್ತಿಗೆ ನಿಂತಿತ್ತು.

ಅವ್ವ ಕಲಿಸಲು ಕೂತರು. ನಾನು ಶನಿವಾರ ಮಧ್ಯಾಹ್ನ ಊರಿಗೆ ಬಂದಾಗ ಇದನ್ನು ನೋಡಿದ್ದೇನೆ, ಇದರಲ್ಲಿ ಅನುಮಾನವಿಲ್ಲ. ಅತ್ತಿಗೆ ರಾಟೆಯ ಮುಂದೆ, ಅವ್ವ ಗೋಡೆಗೆ ಒರಗಿ. ಅವ್ವ ಸಾಲುಗಳನ್ನು ಹಾಡದೆ ಹೇಳುತ್ತಿದ್ದರು. ಯಾವ ಏರಿಳಿತವೂ ಇಲ್ಲದೆ, ಅಂಗಡಿಗೆ ಹೋಗುವವನಿಗೆ ಬೇಕಾದ್ದನ್ನು ಹೇಳಿ ಕಳಿಸುವ ಹಾಗೆ.

"ದೀಪ ಉರಿತೈತೆ ಮಗಳೇ, ಹೊಸಲ ದಾಟಿ ನಡಿಯೇ."

ಅತ್ತಿಗೆ ಅದನ್ನು ಹಾಗೇ ತಿರುಗಿ ಹೇಳುತ್ತಿದ್ದರು. ಒಂದಿಷ್ಟು ಸಾಲು ಆದ ಮೇಲೆ ರಾಟೆ ನಿಲ್ಲಿಸಿದರು.

"ಅತ್ತೆ, ಇದೇನು ಹಾಡಾ, ಮಳಿಗೆ ಸಾಮಾನಾ? ಒಂಚೂರು ಎಳ್ದು ಹೇಳಿ."

"ಮೊದ್ಲು ಮಾತು ಬರ್ಲಿ, ಕಣ್ಣು," ಅಂದರು ಅವ್ವ. ತಮಿಳಿನವರ ಹಾಗೆ ಮುದ್ದಿಗೆ ಕಣ್ಣು ಎನ್ನುವುದು ಅವರ ರೂಢಿ.

ತಂಗಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅತ್ತಿಗೆ ಹಾಡ್ತಾರೆ ಅಂದ್ರೆ ನಾನು ಹಿತ್ಲ ಬಾಗ್ಲಾಗೆ ಓಡೋಗ್ತೀನಿ, ಅಂದಳು. ಅತ್ತಿಗೆ ತಲೆ ಎತ್ತದೆ, "ಓಡು, ಆರತಿ ತಟ್ಟೆ ಹಿಡ್ಕೊಂಡು ಹಿಂದೇನೇ ಬರ್ತೀನಿ, ವೆಳ್ಳಕೋಯಿಲ್ ಗಂಟ," ಅಂದರು. ತಂಗಿ ನಕ್ಕಳು. ಅಪ್ಪ ಹೋದ ಮೇಲೆ ಆ ಮನೆಯಲ್ಲಿ ನಗು ಕೇಳಿದ್ದು ಅದೇ ಮೊದಲಿರಬೇಕು. ನಕ್ಕವಳು ತಕ್ಷಣ ಅವ್ವನ ಮುಖ ನೋಡಿದಳು. ಅವ್ವ ಮುಂದಿನ ಸಾಲು ಹೇಳಿದರು.

ಮಾತುಗಳು ಬೇಗ ಬಂದವು. ಅತ್ತಿಗೆಯ ನೆನಪಿನ ಶಕ್ತಿ ಚೆನ್ನಾಗಿತ್ತು, ಶಾಲೆಯಲ್ಲಿ ಪದ್ಯ ಒಪ್ಪಿಸುವ ಹಾಗೆ ಒಂದೇ ಉಸಿರಿಗೆ ಒಪ್ಪಿಸುತ್ತಿದ್ದರು. ವರಸೆ ಮಾತ್ರ ಬರಲಿಲ್ಲ, ಏಕೆಂದರೆ ಅವ್ವ ಅದನ್ನು ಬಾಯಿಂದ ಹೊರಗೆ ಬಿಡಲಿಲ್ಲ. ಮದುವೆ ಹತ್ತಿರ ಬರುತ್ತಿತ್ತು. ಬೀದಿಯ ಹಿರಿಯಳೊಬ್ಬಳು ಬಂದು, ಅಡುಗೆಮನೆ ಬಾಗಿಲ ಹಿಂದೆ ಕೂತು ಮೆಲ್ಲಗೆ ಹಾಡಿ ತೋರಿಸು, ಯಾರೂ ಏನೂ ಅನ್ನುವುದಿಲ್ಲ, ನಮ್ಮತ್ತೆಯೂ ಹಾಗೇ ಮಾಡಿದ್ದರು ಎಂದು ಹೇಳಿ ಹೋದಳು. ಅವ್ವ ಆಗಲಿ ಎಂದರು, ಮಾಡಲಿಲ್ಲ.

ನಾನು ಆ ವಯಸ್ಸಿನಲ್ಲಿ ಎಲ್ಲದಕ್ಕೂ ಕಾರಣ ಕೇಳುವವನು. ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಡುತ್ತಿದ್ದೆ; ಹೇಳಿಕೊಟ್ಟದ್ದನ್ನು ರೈಲಿನಲ್ಲಿ ಮನೆಗೂ ಹೊತ್ತು ತರುತ್ತಿದ್ದೆ. ಒಂದೇ ಕಡೆ ಕೂರಲು ನನಗೆ ಬರುತ್ತಿರಲಿಲ್ಲ. ನಡುಮನೆಯಲ್ಲಿ ಅತ್ತಿಂದಿತ್ತ ನಡೆಯುತ್ತ ಅವ್ವನನ್ನು ಕೇಳಿದೆ. ಈ ಕಟ್ಟಳೆಯನ್ನು ಯಾರು ಮಾಡಿದರು, ಎಲ್ಲಿದೆ ಅದು ಎಂದೆ. ಅವ್ವ ಗೊತ್ತಿಲ್ಲ ಎಂದರು. ಹೇಳಿದರೂ ಬಾಯಿಂದ ಬರುವುದು ಗಾಳಿ, ಹಾಡಿದರೂ ಗಾಳಿ, ಒಂದು ಗಾಳಿಗೆ ದೋಷವಿಲ್ಲ ಇನ್ನೊಂದಕ್ಕೆ ಇದೆ ಎಂದರೆ ಹೇಗೆ ಎಂದೆ. ನನಗೆ ಜಗಳ ಬೇಕಿತ್ತು ಎಂದು ಕಾಣುತ್ತದೆ. ಆ ಮನೆಯಲ್ಲಿ ಯಾರಾದರೂ ಯಾವುದಕ್ಕಾದರೂ ಸಿಟ್ಟಾಗಲಿ ಎನ್ನಿಸುತ್ತಿತ್ತು. ಅವ್ವನಿಗೆ ಸಿಟ್ಟು ಬರಲಿಲ್ಲ.

"ಗಾಳಿನೇ ಇರ್ಲಿ ಬಿಡು," ಅಂದರು. "ನನ್ಗೆ ಬರ್ತಾ ಇಲ್ಲೆ."

ಆಗ ತಿಳಿಯಿತು. ಕಟ್ಟಳೆ ಇದ್ದದ್ದು ನಿಜ. ಆದರೆ ಅವ್ವನನ್ನು ತಡೆದಿದ್ದದ್ದು ಅದೊಂದೇ ಅಲ್ಲ. ಜೋಗುಳಕ್ಕೆ, ನಮ್ಮವರ ಬಾಯಲ್ಲಿ ತಾಲಾಟಿಗೆ, ಬೀಸುವ ಹಾಡಿಗೆ ಯಾವ ಕಟ್ಟಳೆಯೂ ಇಲ್ಲ, ಗಂಡ ಸತ್ತವಳೂ ಅವನ್ನು ಹಾಡಬಹುದು. ಅವ್ವ ಅದನ್ನೂ ಹಾಡಿರಲಿಲ್ಲ. ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಸುಮ್ಮನೆ ಕಾಲು ಅಲ್ಲಾಡಿಸಿ ಮಲಗಿಸುತ್ತಿದ್ದರು. ನಾನು ನಡೆಯುವುದನ್ನು ನಿಲ್ಲಿಸಿ ಹೊರಗೆ ಹೋದೆ. ಬೀದಿಯಲ್ಲಿ ಉದ್ದಕ್ಕೂ ಮಗ್ಗಕ್ಕೆ ಏರಿಸುವ ಹಾಸುನೂಲು ಹರವಿ ಗಂಜಿ ಹಚ್ಚುತ್ತಿದ್ದರು. ಗಂಜಿಯ ಹುಳಿ ವಾಸನೆ. ಅದನ್ನು ನೋಡುತ್ತ ನಿಂತೆ. ಮನಸ್ಸಿಗೆ ಏನೂ ಆಗಲಿಲ್ಲ.

ಇಲ್ಲಿಂದ ಮುಂದಿನದರಲ್ಲಿ ಎರಡು ಮಾತಿದೆ. ಒಂದು ನನ್ನದು, ಒಂದು ಅತ್ತಿಗೆಯದು.

ನನ್ನ ನೆನಪಿನ ಪ್ರಕಾರ ನಾನು ಹೊಸ್ತಿಲಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆ. ಮಧ್ಯಾಹ್ನ ಇಳಿದಿತ್ತು. ಅಣ್ಣನ ಮಗ್ಗದಲ್ಲಿ ನೂಲು ಕಡಿದು ಅದು ನಿಂತಿತ್ತು, ಅಪ್ಪನ ಮಗ್ಗ ಹೇಗೂ ನಿಂತೇ ಇತ್ತು. ತೊಲೆಗೆ ಕಟ್ಟಿದ ಸೀರೆಯ ತೊಟ್ಟಿಲಲ್ಲಿ ಕೂಸು ಅಳುತ್ತಿತ್ತು. ಅತ್ತಿಗೆ ಕಂಡಿಕೆ ಸುತ್ತುವುದರಲ್ಲಿದ್ದರು, ಅಣ್ಣ ಅವಸರ ಮಾಡುತ್ತಿದ್ದ. ಅವ್ವ ಎದ್ದು ಹೋಗಿ ತೊಟ್ಟಿಲು ತೂಗಿದರು. ಕೂಸು ಸುಮ್ಮನಾಗಲಿಲ್ಲ. ಎಷ್ಟೋ ಹೊತ್ತು ಅತ್ತಿತು. ಆಗ ಅವ್ವನ ಬಾಯಿಂದ ಒಂದು ಸಾಲು ಬಂತು.

"ಲಾಳಿ ನಿಂತೈತೆ ಕಂದಾ, ಕಣ್ಣ ಮುಚ್ಚಿ ಮಲಗೇ."

ದನಿ ಒಡೆದಿತ್ತು. ಬಹಳ ದಿನ ಮುಚ್ಚಿದ್ದ ಬಾಗಿಲು ತೆಗೆದ ಹಾಗೆ ಮೊದಲು ಸದ್ದೇ ಹೆಚ್ಚು, ಹಾಡು ಕಡಿಮೆ. ಅದೇ ಸಾಲನ್ನು ಮತ್ತೆ ಹಾಡಿದರು, ಮುಂದಿನದನ್ನು ಹಾಡಿದರು. ಅತ್ತಿಗೆ ರಾಟೆ ನಿಲ್ಲಿಸಿ ತಲೆ ಎತ್ತಿದರು. ಅವರ ತುಟಿ ಅಲ್ಲಾಡುತ್ತಿತ್ತು. ಬಾಯಿಪಾಠ ಮಾಡಿಟ್ಟುಕೊಂಡಿದ್ದ ಮದುವೆಯ ಸಾಲುಗಳು ಈ ಜೋಗುಳದ ಮೇಲೆ ಒಂದೊಂದಾಗಿ ಸರಿಯಾಗಿ ಕೂತವು. ಉದ್ದ ಅಷ್ಟೇ, ಉಸಿರು ತೆಗೆದುಕೊಳ್ಳುವ ಜಾಗ ಅದೇ. ಆ ಜೋಗುಳವನ್ನು ಅವ್ವ ನಮ್ಮನ್ನೆಲ್ಲ ಮಲಗಿಸುವಾಗ ಹಾಡುತ್ತಿದ್ದರು ಎಂದು ತಂಗಿ ಹೇಳುತ್ತಾಳೆ. ಇರಬಹುದು. ಎರಡಕ್ಕೂ ಒಂದೇ ವರಸೆ ಎಂದು ನಮಗೆ ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ, ಇನ್ನೊಂದನ್ನು ನಾವು ಕೇಳಿಯೇ ಇರಲಿಲ್ಲ.

ಅತ್ತೆ, ಇದೇನಾ ಅದು, ಎಂದು ಅತ್ತಿಗೆ ಕೇಳಿದರಂತೆ. ಅವ್ವ ತೊಟ್ಟಿಲು ತೂಗುತ್ತ ಮೊದಲಿನಿಂದ ಮತ್ತೊಂದು ಸಲ ಹಾಡಿದರು. ಕೂಸು ಆಗಲೇ ಮಲಗಿತ್ತು.

ಅತ್ತಿಗೆ ಹೇಳುವುದು ಇದನ್ನೇ. ಆದರೆ ಆ ದಿನ ನಾನು ಸೋಮನೂರಿನಲ್ಲಿ ಇರಲೇ ಇಲ್ಲ ಎನ್ನುತ್ತಾರೆ. ನೀವು ಕೊಯಮತ್ತೂರಲ್ಲಿದ್ರಿ, ಮುಂದಿನ ವಾರ ಬಂದಾಗ ನಾನೇ ಹೇಳಿದ್ದು, ಕಾಫಿ ಕುಡೀತಾ ಕೇಳಿಸ್ಕೊಂಡ್ರಿ ಎಂದು. ಅವರ ಮಾತೇ ನಿಜವಿರಬೇಕು. ನೇಯ್ದ ಬಟ್ಟೆಯನ್ನು ಶುಕ್ರವಾರವೇ ಒಪ್ಪಿಸುತ್ತಿದ್ದ ಅಣ್ಣ ಅವಸರ ಮಾಡುತ್ತಿದ್ದ ಎಂಬುದು ವಾರದ ಮಧ್ಯದ ಲಕ್ಷಣ, ಶನಿವಾರದ್ದಲ್ಲ. ಆದರೂ ಅವ್ವನ ಆ ಒಡೆದ ದನಿ ನನ್ನ ಕಿವಿಯಲ್ಲಿದೆ.

ಅಲ್ಲಿಂದ ಮದುವೆಯವರೆಗೆ ಪಾಠ ಹೀಗೆ ನಡೆಯಿತು. ಮದುವೆಯ ಮಾತುಗಳನ್ನು ಅವ್ವ ಹೇಳುವುದು, ಅತ್ತಿಗೆ ಒಪ್ಪಿಸುವುದು. ಆಮೇಲೆ ಕೂಸನ್ನು ತೊಟ್ಟಿಲಿಗೆ ಹಾಕಿ ಇಬ್ಬರೂ ಜೋಗುಳ ಹಾಡುವುದು. ಮಾತು ಬೇರೆ, ವರಸೆ ಬೇರೆ. ಎರಡನ್ನೂ ಜೋಡಿಸಿ ಒಂದು ಸಲ ಹಾಡಿ ನೋಡೋಣ ಎಂದರೆ ಅದಕ್ಕೆ ದಾರಿ ಇರಲಿಲ್ಲ, ಹೊರಡುವ ಮಗಳು ಹೊಸ್ತಿಲಲ್ಲಿ ನಿಲ್ಲುವವರೆಗೆ ಆ ಹಾಡನ್ನು ಹಾಡುವಂತಿಲ್ಲ. ಮಲಗಲು ಮನಸ್ಸಿಲ್ಲದ ಕೂಸನ್ನೂ ಹಿಡಿದು ಮಲಗಿಸಿದರು. ಮನೆಯಲ್ಲಿ ಅಷ್ಟು ನಿದ್ದೆ ಮಾಡಿದ ಕೂಸು ಇನ್ನೊಂದಿಲ್ಲ ಎಂದು ಅತ್ತಿಗೆ ಈಗಲೂ ಹೇಳುತ್ತಾರೆ. ಮಾತುಗಳನ್ನು ತಮಿಳು ಅಕ್ಷರದಲ್ಲಿ ಬರೆದುಕೊಡಲೇ ಎಂದು ನಾನು ಕೇಳಿದೆ. ಆರತಿ ತಟ್ಟೆ ಹಿಡಿಯುವ ಕೈಗೆ ಕಾಗದವನ್ನೂ ಕೊಡ್ತೀರಾ ಎಂದು ಅತ್ತಿಗೆ ನಕ್ಕರು.

ಮದುವೆ ಮನೆಯ ಮುಂದೆಯೇ ಚಪ್ಪರ ಹಾಕಿ ಮುಗಿಯಿತು. ವಾದ್ಯದವರು ಬಂದಿದ್ದರು, ಊಟ ಚೆನ್ನಾಗಿತ್ತು ಎಂದು ಎಲ್ಲರೂ ಹೇಳಿದರು. ಅಪ್ಪನ ಜಾಗದಲ್ಲಿ ನಿಂತು ಅಣ್ಣ, ಅತ್ತಿಗೆ ಧಾರೆ ಎರೆದರು. ನಾನು ಬಂದವರಿಗೆ ಚಂದನ ಕೊಡುತ್ತಿದ್ದೆ. ಚಂದನ ಕೊಡುವಾಗ ಕೆಲವರು ನನ್ನ ಮುಖ ನೋಡಿ ಕಣ್ಣೊರೆಸಿಕೊಂಡರು. ನಾನು ಅವರಿಗೆ ಬೀಸಣಿಗೆ ತಂದುಕೊಟ್ಟೆ. ಅವ್ವ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಬರಬಾರದು ಎಂದು ಯಾರೂ ಹೇಳಿರಲಿಲ್ಲ.

ಹೊರಡುವ ಹೊತ್ತಾಯಿತು. ವೆಳ್ಳಕೋಯಿಲಿಗೆ ಹೋಗುವ ಬಸ್ಸನ್ನು ಬೀದಿಯ ಕೊನೆಯಲ್ಲಿ ನಿಲ್ಲಿಸಿದ್ದರು, ಅಣ್ಣ ಅಲ್ಲಿ ಪೆಟ್ಟಿಗೆಗಳನ್ನು ಮೇಲೆ ಹಾಕಿಸುತ್ತಿದ್ದ. ತಂಗಿಯನ್ನು ಮಗ್ಗದ ಕೋಣೆಯ ಹೊಸ್ತಿಲಲ್ಲಿ ನಿಲ್ಲಿಸಿದರು. ಮಗ್ಗಗಳ ಮೇಲೆ ಹಲಗೆ ಇಟ್ಟು ಹಾಸಿದ್ದ ಜಮಖಾನದ ಮೇಲೆ ಹೆಂಗಸರು ಇಕ್ಕಟ್ಟಾಗಿ ಕೂತಿದ್ದರು. ಅಪ್ಪನ ಮಗ್ಗದ ಅರ್ಧ ಸೀರೆ ಅದರ ಕೆಳಗೇ ಇತ್ತು. ಗಂಡಿನ ಅಜ್ಜಿ ಎಲ್ಲರಿಗಿಂತ ಮುಂದೆ, ಎಲೆ ಅಡಿಕೆ ಮಡಿಲಲ್ಲಿಟ್ಟುಕೊಂಡು. ನಾನು ನಡುಮನೆಯ ಬಾಗಿಲಿಗೆ ಒರಗಿ ನಿಂತಿದ್ದೆ. ನನ್ನ ಬೆನ್ನ ಹಿಂದೆ ಅಡುಗೆಮನೆ.

ಅತ್ತಿಗೆ ಆರತಿ ತಟ್ಟೆ ಹಿಡಿದು ನಿಂತರು. ಉರಿಯುತ್ತಿದ್ದ ಬತ್ತಿಯನ್ನೇ ಮತ್ತೆ ಸರಿಮಾಡಿದರು. ಹೆಂಗಸರಲ್ಲಿ ಯಾರೋ ಕೆಮ್ಮಿದರು. ತಂಗಿ ತಲೆ ತಗ್ಗಿಸಿಕೊಂಡೇ, ಹಿತ್ಲ ಬಾಗ್ಲು ತೆಗ್ದೈತೆ ಅತ್ತಿಗೆ, ಎಂದಳು. ಹತ್ತಿರ ನಿಂತಿದ್ದವರಿಗಷ್ಟೇ ಕೇಳಿತು. ಅತ್ತಿಗೆಯ ತುಟಿ ಸಡಿಲವಾಯಿತು, ಹಾಡು ಎತ್ತಿಕೊಂಡರು.

ಚೆನ್ನಾಗಿಯೇ ಹಾಡಿದರು. ಮೊದಲ ಸಾಲು, ಹೆಂಗಸರು ತಿರುಗಿ ಹಾಡಿದರು. ಎರಡನೆಯದು, ಮೂರನೆಯದು. ಮಾತು ಮತ್ತು ವರಸೆ ಮೊದಲ ಸಲ ಒಟ್ಟಿಗೆ ಬಂದು ಜೊತೆಗೆ ನಡೆದವು. ನಾನು ಅತ್ತಿಗೆಯ ಕೈ ನೋಡುತ್ತಿದ್ದೆ. ತಟ್ಟೆಯನ್ನು ವೃತ್ತವಾಗಿ ಎತ್ತಬೇಕು. ಅವರ ಕೈ ಹೋಗುಹೋಗುತ್ತ ವೃತ್ತ ಬಿಟ್ಟು ಅತ್ತಿಂದಿತ್ತ ತೂಗತೊಡಗಿತು. ತೊಟ್ಟಿಲ ಹಗ್ಗ ಹಿಡಿದಾಗ ತೂಗುವ ಹಾಗೆ. ದೀಪದ ಸಾಲು ಬರಬೇಕಾದ ಕಡೆ ಅವರ ಬಾಯಿಂದ ಬಂದದ್ದು ಇದು:

"ಲಾಳಿ ನಿಂತೈತೆ ಕಂದಾ, ಕಣ್ಣ ಮುಚ್ಚಿ ಮಲಗೇ."

ಹೆಂಗಸರು ತಿರುಗಿ ಹಾಡಲು ಬಾಯಿ ತೆರೆದವರು ಹಾಗೇ ನಿಂತರು. ಮದುವೆಯ ಮನೆಯಲ್ಲಿ, ಅದೂ ಯಜಮಾನ ಸತ್ತು ವರ್ಷ ತುಂಬದ ನೇಕಾರನ ಮನೆಯಲ್ಲಿ, ಲಾಳಿ ನಿಂತಿತು ಎಂದರೆ ಏನರ್ಥ ಎಂದು ಎಲ್ಲರಿಗೂ ಗೊತ್ತು. ಅತ್ತಿಗೆಗೂ ಆ ಕ್ಷಣ ಗೊತ್ತಾಯಿತು, ತೂಗುತ್ತಿದ್ದ ತಟ್ಟೆ ನಿಂತಿತು. ತಿರುಗಿ ಹಾಡಬೇಕಾದ ಜಾಗ ಖಾಲಿ ಉಳಿಯಿತು.

ಆ ಖಾಲಿ ಜಾಗದಲ್ಲಿ ನನ್ನ ಬೆನ್ನ ಹಿಂದಿನಿಂದ ಅವ್ವ ಆ ಸಾಲನ್ನು ಹಾಡಿದರು.

ಹಾಡಿದರು ಎಂದು ನನ್ನ ನೆನಪು. ಜೋರಾಗಿ ಅಲ್ಲ, ಕೂಸು ಮಲಗುವಷ್ಟು ಮೆಲ್ಲಗೆ. ಒಂದೇ ಸಲ. ಅದು ಮುಗಿದ ಮೇಲೆ ಅತ್ತಿಗೆ ದೀಪದ ಸಾಲನ್ನು ಸರಿಯಾಗಿ ಎತ್ತಿಕೊಂಡರು, ಹೆಂಗಸರು ಸೇರಿಕೊಂಡರು, ಹಾಡು ಮುಗಿಯಿತು.

ಗಂಡಿನ ಅಜ್ಜಿ ಸುಮ್ಮನಿರಲಿಲ್ಲ. ಎಲೆಯ ತೊಟ್ಟು ಮುರಿಯುತ್ತ ಅಡುಗೆಮನೆಯಲ್ಲಿದ್ದ ಬೀಗಿತ್ತಿಯ ಕಡೆಗೆ ಮುಖ ಮಾಡಿ ಕೇಳಿದಳು.

"ಸಂಬಂಧಿಯಮ್ಮ, ಮಗಳು ಹೊರಡುವಾಗ ಲಾಳಿ ನಿಂತೈತೆ ಅಂತಾನಾ ನಿಮ್ಮನೇಲಿ ಹಾಡೋದು?"

ಎಲ್ಲರೂ ಕೇಳಿಸಿಕೊಂಡ ಮಾತು ಇದು, ಇದಕ್ಕೆ ಬೇಕಾದಷ್ಟು ಸಾಕ್ಷಿ ಇದೆ. ಅತ್ತಿಗೆ ತಟ್ಟೆ ಹಿಡಿದೇ ನಿಂತಿದ್ದರು. ತಪ್ಪಾಯಿತು ಎಂದು ಅವರು ಒಂದು ಮಾತು ಹೇಳಿದ್ದರೆ ಅಲ್ಲಿಗೆ ಅದು ಅಪಶಕುನವಾಗಿ ತಂಗಿಯ ಜೊತೆ ಬಸ್ಸು ಹತ್ತುತ್ತಿತ್ತು. ಒಳಗಿನಿಂದ ಅವ್ವನ ಮಾತು ಬಂತು, ಯಾವ ಏರಿಳಿತವೂ ಇಲ್ಲದೆ.

"ಆಮಾ, ಹೌದು. ಮಗಳು ಹೋಗೋ ದಿನ ನಮ್ಮನೇಲಿ ಮಗ್ಗ ನಿಂದ್ರುತ್ತೆ. ಅದನ್ನ ಹಾಡ್ತೀವಿ."

ಅಜ್ಜಿ ಸುತ್ತ ನೋಡಿದಳು. ಮಗ್ಗಗಳು ನಿಂತೇ ಇದ್ದವು, ಅವಳೇ ಒಂದರ ಮೇಲೆ ಕೂತಿದ್ದಳು. ನಮ್ಮ ಕಡೆ ಅದು ಇಲ್ಲೆ, ಎಂದು ಹೇಳಿ ಎಲೆ ಬಾಯಿಗಿಟ್ಟುಕೊಂಡಳು. ತಂಗಿ ಹೊಸ್ತಿಲು ದಾಟಿದಳು. ಬಸ್ಸಿನವರೆಗೆ ಹೋಗಿ ನಾನು ಕೈ ಬೀಸಿ ಬಂದೆ. ಬಂದು ಜಮಖಾನ ಮಡಿಸಿದೆವು.

ವೆಳ್ಳಕೋಯಿಲಿನಲ್ಲಿ ತಂಗಿಯನ್ನು ಹಾಡಿನ ವಿಷಯಕ್ಕೆ ಯಾರೂ ಆಡಿಕೊಳ್ಳಲಿಲ್ಲ. ಸೋಮನೂರಿನವರಿಗೆ ಒಂದು ಸಾಲು ಹೆಚ್ಚು ಎಂದು ಮಾತ್ರ ಅಲ್ಲಿ ಹೇಳಿಕೊಳ್ಳುತ್ತಿದ್ದರಂತೆ.

ಅವ್ವ ನಿಜವಾಗಿ ಹಾಡಿದರೇ? ನಾನು ಇದನ್ನು ಎಲ್ಲರನ್ನೂ ಕೇಳಿ ಬೇಸರ ಬರಿಸಿದ್ದೇನೆ. ಅತ್ತಿಗೆಗೆ ತಪ್ಪು ಹಾಡಿದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುವುದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ತಂಗಿ ಅಳುತ್ತಿದ್ದಳು. ಅಣ್ಣ ಬಸ್ಸಿನ ಹತ್ತಿರ ಇದ್ದ. ಬೀದಿಯ ಹೆಂಗಸರಲ್ಲಿ ಒಬ್ಬಳು, ಯಾರೂ ಹಾಡಲಿಲ್ಲ, ನಾವೆಲ್ಲ ಬೆಪ್ಪಾಗಿ ಕೂತಿದ್ದೆವು ಎಂದಳು; ಇನ್ನೊಬ್ಬಳು, ನಾನೇ ತಿರುಗಿ ಹಾಡಿದೆ, ಇಲ್ಲದಿದ್ದರೆ ಮಾನ ಹೋಗುತ್ತಿತ್ತು ಎಂದಳು. ಒಂದು ಭಾನುವಾರ ನಾನು ಅದೇ ಬಾಗಿಲಿಗೆ ಅದೇ ರೀತಿ ಒರಗಿ ನಿಂತು, ಅಡುಗೆಮನೆಯಲ್ಲಿ ಮೆಲ್ಲಗೆ ಮಾತಾಡಿ ಎಂದು ಅತ್ತಿಗೆಗೆ ಹೇಳಿ, ಕೇಳುತ್ತದೆಯೇ ಎಂದು ನೋಡಿದೆ. ಕೇಳುತ್ತದೆ. ಆದರೆ ಅಷ್ಟು ಜನ, ಅಷ್ಟು ಬಳೆ, ಹೊರಗೆ ವಾದ್ಯ ಇರುವಾಗ ಕೇಳುತ್ತದೆಯೇ ಎಂದು ನೋಡಲು ಮತ್ತೊಂದು ಮದುವೆ ಬೇಕು. ಅವ್ವನನ್ನೇ ಕೇಳಬಹುದಿತ್ತು. ಒಮ್ಮೆ ಕೇಳಿದೆ ಕೂಡ. ಒಲೆಯ ಮೇಲೆ ಪಾಯಸ ಇತ್ತು, ತಳ ಹಿಡಿಯುತ್ತಿತ್ತು ಎಂದು ನೆನಪು, ಅಂದರು.

ಆ ದಶಕದ ಕೊನೆಗೆ ನನಗೂ ಮದುವೆಯಾಯಿತು. ಹೆಂಡತಿ ಕೊಯಮತ್ತೂರು ಪಟ್ಟಣದವಳು, ಅಲ್ಲಿ ಬಹಳ ಕಾಲದಿಂದ ಇರುವ ಕನ್ನಡದ ವಕೀಲರ ಮನೆಯ ಹುಡುಗಿ. ಪಿಟೀಲು ಕಲಿತಿದ್ದಳು. ಕಂಡಿಕೆ ಎಂದರೆ ಏನೆಂದು ತಿಳಿಯದು. ರಜೆಯಲ್ಲಿ ಸೋಮನೂರಿಗೆ ಬಂದಾಗ, ನನ್ನ ಮಗಳು ಬೆಳೆಯುತ್ತಿದ್ದಾಳೆ, ನಿಮಗೂ ಬರಬೇಕು ಎಂದು ಅತ್ತಿಗೆಯೇ ಅವಳನ್ನು ಅವ್ವನ ಮುಂದೆ ಕೂರಿಸಿದರು. ಆ ಹೊತ್ತಿಗೆ ಅಣ್ಣ ಅಪ್ಪನ ಮಗ್ಗವನ್ನು ಕೀಳಿಸಿ ಗುಂಡಿ ಮುಚ್ಚಿಸಿ ಸಿಮೆಂಟು ಬಳಿಸಿದ್ದ. ಅವ್ವ ಆ ಸಿಮೆಂಟಿನ ಮೇಲೆ ಕೂರುತ್ತಿದ್ದರು, ತಂಪಾಗಿರುತ್ತದೆ ಎಂದು.

ನಾನು ಅಲ್ಲೇ ಇದ್ದೆ, ಕಂಬಕ್ಕೆ ಒರಗಿ. ಈ ಸಲ ಹೆಂಡತಿಯೂ ಸಾಕ್ಷಿ, ಅತ್ತಿಗೆಯೂ ಸಾಕ್ಷಿ. ಅವ್ವ ಸಾಲುಗಳನ್ನು ಹೇಳುತ್ತಾ ಹೋದರು, ಅದೇ ಅಂಗಡಿ ಸಾಮಾನಿನ ದನಿಯಲ್ಲಿ. ಹೆಂಡತಿ ತಾಳ ಎಲ್ಲಿದೆ ಎಂದು ತೊಡೆಯ ಮೇಲೆ ಬೆರಳು ಮಡಿಸಿ ಹುಡುಕುತ್ತಿದ್ದಳು, ಸಿಗುತ್ತಿರಲಿಲ್ಲ. ಒಂದು ಸಾಲು, ಎರಡು, ಮೂರು, ಎಲ್ಲ ಬರೀ ಮಾತು. ದೀಪದ ಸಾಲಿಗೆ ಬರುವ ಮುಂಚೆ ಅವ್ವ ಕಣ್ಣು ಮೇಲೆತ್ತದೆ, ಯಾವ ಸಿದ್ಧತೆಯೂ ಇಲ್ಲದೆ, ಹಾಡಿದರು.

"ಲಾಳಿ ನಿಂತೈತೆ ಕಂದಾ, ಕಣ್ಣ ಮುಚ್ಚಿ ಮಲಗೇ."

ಹೆಂಡತಿಯ ಬೆರಳು ನಿಂತಿತು. ಅವಳು ನನ್ನ ಕಡೆ ನೋಡಿದಳು, ಆಮೇಲೆ ಅವ್ವನನ್ನು ಕೇಳಿದಳು, ಇದೊಂದನ್ನ ಮಾತ್ರ ಯಾಕತ್ತೆ ಹಾಡಿದ್ರಿ ಎಂದು.

"ಅದು ತಾಲಾಟು, ಕಣ್ಣು. ಅದನ್ನ ನಾನು ಹಾಡ್ಬೋದು," ಅಂದರು ಅವ್ವ. ಮುಂದಿನ ಸಾಲನ್ನು ಹೇಳಿದರು.